ಮಾತು ಕಡಿಮೆ, ತಯಾರಿ ಜಾಸ್ತಿ: ಬನ್ನಿ ಹಬ್ಬದ ಸಂಜೆ ಮನೆಗೆ 20 ಜನರನ್ನು ಕರೆಯುವ ಬಗೆ

ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟು, ಸಾಮಾನಿನ ಚೀಟಿ ಬರೆದು, ಶೇಂಗಾ ಹುರಿಯಲು ಕೂತಾಗ ಕೆಲವರಿಗೆ ಹಬ್ಬ ಶುರುವಾಗಿಬಿಡುತ್ತದೆ. ಅದೇ ಜನರಿಗೆ ಸಂಜೆ ಬಾಗಿಲ ಬೆಲ್ ಆದ ಕೂಡಲೇ ಎದೆ ಢವಢವ ಎನ್ನುತ್ತದೆ. ಮಾಡಿ ಬಡಿಸಲು ಪ್ರೀತಿ, ಆದರೆ ನಡುಮನೆಯಲ್ಲಿ ನಿಂತು ಮೂರು ಗಂಟೆ ಮಾತಾಡಲು ಆಗುವುದಿಲ್ಲ. ಹೀಗಿರುವವರಲ್ಲಿ ಕೆಲವರು ಯಾರನ್ನೂ ಕರೆಯುವುದಿಲ್ಲ. ಕರೆದವರು ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ಒಳಗೇ ಉಳಿದರೆ ಬಂದವರಿಗೆ ‘ನಾವು ತೊಂದರೆ ಕೊಟ್ಟೆವೇನೋ’ ಅನ್ನಿಸುತ್ತದೆ. ಒಬ್ಬೊಬ್ಬರಾಗಿ ಸಹಾಯಕ್ಕೆಂದು ಒಳಗೇ ಬಂದು ನಿಲ್ಲುತ್ತಾರೆ, ಅಡುಗೆಮನೆಯೇ ಸಂತೆಯಾಗುತ್ತದೆ.

ಇದಕ್ಕೊಂದು ದಾರಿಯಿದೆ. ಎಲ್ಲ ಕೆಲಸವನ್ನೂ ಮೊದಲೇ ಮುಗಿಸಿ, ಒಂದೇ ಒಂದು ಕೆಲಸವನ್ನು ಮಾತ್ರ ಜನರ ಎದುರು ಮಾಡಲೆಂದು ಉಳಿಸಿಕೊಳ್ಳಬೇಕು. ಅದು ಅಲ್ಲೇ, ಆಗಲೇ ಮಾಡಲೇಬೇಕಾದ ನಿಜವಾದ ಕೆಲಸವಾಗಿರಬೇಕು. ದಾವಣಗೆರೆಯಲ್ಲಿ ಅಂಥ ಕೆಲಸ ಹುಡುಕಲು ದೂರ ಹೋಗಬೇಕಿಲ್ಲ, ಮಂಡಕ್ಕಿ ಕಲಸುವುದಿದೆ. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ, ಹಾಗಾಗಿ ಕಲಸುವವರು ಅಲ್ಲೇ ಇರಬೇಕು. ಕೈಗೆ ಕೆಲಸ ಇರುತ್ತದೆ, ನಿಲ್ಲಲು ಜಾಗ ಇರುತ್ತದೆ, ಜನ ಇಬ್ಬರು ಮೂವರಾಗಿ ತಾವೇ ಹತ್ತಿರ ಬರುತ್ತಾರೆ. ಮುಂದಿನ ತಯಾರಿಯೆಲ್ಲ ಈ ಒಂದು ಬೋಗುಣಿಯ ಸುತ್ತ.

ವಿಜಯದಶಮಿಯ ಸಂಜೆಯೇ ಯಾಕೆ

ಬನ್ನಿ ಮರದ ಎಲೆ ಕೊಡುವ ಈ ಸಂಜೆ ಜನ ಒಂದೇ ಮನೆಯಲ್ಲಿ ಕೂರುವುದಿಲ್ಲ. ನಾಲ್ಕಾರು ಮನೆಗೆ ಹೋಗುವುದಿರುತ್ತದೆ. ಬರುತ್ತಾರೆ, ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನುತ್ತಾರೆ, ತಿಂಡಿ ತಿಂದು ಮುಂದಿನ ಮನೆಗೆ ಹೊರಡುತ್ತಾರೆ. 20 ಜನರನ್ನು ಕರೆದರೂ ಒಂದು ಹೊತ್ತಿಗೆ ಮನೆಯಲ್ಲಿ ಎಂಟು ಹತ್ತು ಜನರಿಗಿಂತ ಹೆಚ್ಚು ಇರುವುದು ಅಪರೂಪ. ಮಾತು ಶುರುಮಾಡುವುದು ಹೇಗೆಂಬ ಚಿಂತೆಯೂ ಇಲ್ಲ, ಮೊದಲ ಮಾತು ಏನೆಂದು ಹಬ್ಬವೇ ಹೇಳಿಕೊಟ್ಟಿದೆ. ದೀಪಾವಳಿಯಲ್ಲಿ ಪಟಾಕಿ ಸದ್ದು, ಯುಗಾದಿಯಲ್ಲಿ ಹೋಳಿಗೆ ಊಟದ ಭಾರ. ಮಾತು ಕಡಿಮೆಯವರು ಮೊದಲ ಸಲ ಜನ ಕರೆಯಲು ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ.

ಒಂದು ತೊಡಕಿದೆ. ಹಿಂದಿನ ದಿನವೇ ಆಯುಧ ಪೂಜೆ, ಅಂದು ಬೆಳಿಗ್ಗೆಯಿಂದ ವಾಹನ ತೊಳೆದು, ಪೂಜೆ ಮಾಡಿ, ಕುಂಬಳಕಾಯಿ ಒಡೆದು ದಣಿದಿರುತ್ತೀರಿ. ಆ ದಿನ ಅಡುಗೆಯ ದೊಡ್ಡ ಕೆಲಸ ಯಾವುದನ್ನೂ ಇಟ್ಟುಕೊಳ್ಳಬೇಡಿ. ವಿಜಯದಶಮಿಯ ಮಧ್ಯಾಹ್ನದ ಊಟವೂ ಸರಳವಾಗಿರಲಿ.

ಯಾರನ್ನು ಕರೆಯುವುದು, ಹೇಗೆ ಕರೆಯುವುದು

ಬನ್ನಿಯ ಪದ್ಧತಿಯಲ್ಲಿ ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಕಾಲಿಗೆ ನಮಸ್ಕರಿಸಿ ಬನ್ನಿ ಕೊಡುತ್ತಾರೆ. ಬಂಧುಗಳಲ್ಲಿ ಎಲ್ಲರಿಗಿಂತ ಹಿರಿಯರನ್ನು ‘ನೀವೇ ನಮ್ಮನೆಗೆ ಬನ್ನಿ’ ಎಂದು ಕರೆದರೆ ಅವರು ಬರಬಹುದು, ಆದರೆ ಮನಸ್ಸಿಗೆ ಸರಿ ಅನ್ನಿಸದೆಯೂ ಇರಬಹುದು. ಅಂಥ ಒಂದೆರಡು ಮನೆಗಳಿಗೆ ರಾತ್ರಿ ಎಂಟೂಮುಕ್ಕಾಲಿಗೆ, ಅಥವಾ ಮರುದಿನ ಬೆಳಿಗ್ಗೆ ನೀವೇ ಹೋಗಿ ಬನ್ನಿ. ಹೋಗುವ ಹೊತ್ತನ್ನು ಅವರಿಗೆ ಮೊದಲೇ ತಿಳಿಸಿಬಿಡಿ. ಮನೆಗೆ ಕರೆಯುವುದು ಸರೀಕರನ್ನು, ಅಕ್ಕಪಕ್ಕದವರನ್ನು, ಸ್ನೇಹಿತರನ್ನು, ನಿಮಗಿಂತ ಚಿಕ್ಕವರನ್ನು.

ಪಟ್ಟಿಯಲ್ಲಿ ಒಂದು ನಿಯಮ ಪಾಲಿಸಿ: ಬರುವ ಪ್ರತಿಯೊಬ್ಬರಿಗೂ ನಿಮ್ಮನ್ನು ಬಿಟ್ಟು ಇನ್ನೊಬ್ಬರಾದರೂ ಪರಿಚಯ ಇರಬೇಕು. ಆಫೀಸಿನಿಂದ ಒಬ್ಬರನ್ನೇ ಕರೆದರೆ ಅವರು ಇಡೀ ಸಂಜೆ ನಿಮ್ಮ ಬೆನ್ನಿಗೇ ಇರುತ್ತಾರೆ. ಇಬ್ಬರನ್ನು ಕರೆದರೆ ಅವರೇ ಮಾತಾಡಿಕೊಳ್ಳುತ್ತಾರೆ. ಸಾಧ್ಯವಿದ್ದರೆ ಗುಂಪುಗಳಿಗೆ ಹೊತ್ತು ಬೇರೆ ಮಾಡಿ. ಅಕ್ಕಪಕ್ಕದವರು, ಮಕ್ಕಳಿರುವ ಮನೆಯವರು ಐದೂವರೆಗೆ ಬರಲಿ, ಸ್ನೇಹಿತರು ಏಳಕ್ಕೆ.

ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಕೈತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಸ್ನೇಹಿತರಿಗೆ ಅದು ನಡೆಯುತ್ತದೆ, ಆದರೂ ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿದರೇ ಚೆನ್ನ. ನಂಟರಿಗೆ ಮತ್ತು ಪಕ್ಕದ ಮನೆಯವರಿಗೆ ಬಾಯಿಮಾತಿನ ಕರೆಯೇ ಬೇಕು, ಇಲ್ಲದಿದ್ದರೆ ‘ಕರೆದೇ ಇಲ್ಲ’ ಎಂದಾಗುತ್ತದೆ. ಫೋನ್ ಮಾಡುವುದು ಕಷ್ಟವೆನಿಸುವವರು ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಶುರುಮಾಡಿ ದಿನಕ್ಕೆ ಎರಡೇ ಕರೆ ಮಾಡಿ. ಬೆಳಿಗ್ಗೆ 11ರ ಸುಮಾರಿಗೆ, ಅಡುಗೆ ಮುಗಿಸಿ ಜನ ಬಿಡುವಾಗುವ ಹೊತ್ತಿಗೆ. ಹೇಳಬೇಕಾದ ನಾಲ್ಕು ಮಾತನ್ನು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ:

“ಅಕ್ಕಾರೆ, ಬನ್ನಿ ಹಬ್ಬದ ದಿನ ಸಂಜಿ ಎಲ್ಲಾರೂ ನಮ್ಮನಿಗೆ ಬರ್ರಿ. ಐದೂವರಿಯಿಂದ ಎಂಟೂವರಿ ತನಕ ಯಾವಾಗ ಬಂದ್ರೂ ಆತು. ಊಟ ಇಟ್ಕಂಡಿಲ್ರಿ, ಮಂಡಕ್ಕಿ-ಮಿರ್ಚಿ ಅಷ್ಟೇ.”

ಇದರಲ್ಲಿ ಎರಡು ಮಾತು ಬಿಡಲೇಬಾರದು. ಒಂದು, ಮುಗಿಯುವ ಹೊತ್ತು. ಸಂಜೆಗೊಂದು ಕೊನೆಯಿದೆ ಎಂದು ಗೊತ್ತಿದ್ದರೆ ನಿಮ್ಮ ಶಕ್ತಿ ಅಲ್ಲಿಯತನಕ ಉಳಿಯುತ್ತದೆ. ಇನ್ನೊಂದು, ಊಟವಿಲ್ಲ ಎಂಬುದು. ಹೇಳದಿದ್ದರೆ ಕೆಲವರು ಊಟಕ್ಕೇ ಎಂದು ಎಂಟಕ್ಕೆ ಬರುತ್ತಾರೆ, ಆಮೇಲೆ ಅವರಿಗೂ ಮುಜುಗರ, ನಿಮಗೂ ಮುಜುಗರ.

ಇನ್ನೊಬ್ಬರು ಬೇಕೇ ಬೇಕು: ಬಾಗಿಲಲ್ಲಿ ನಿಲ್ಲುವವರು. ಪ್ರತಿ ಮನೆತನದಲ್ಲೂ ಮಾತಿಗೆ ಬರವಿಲ್ಲದ ಒಬ್ಬ ಅತ್ತಿಗೆಯೋ ಭಾವನೋ ಇದ್ದೇ ಇರುತ್ತಾರೆ. ಅವರನ್ನು ಐದು ಗಂಟೆಗೇ ಬರಹೇಳಿ, ಬಂದವರನ್ನು ಒಳಗೆ ಕರೆದು ಕೂರಿಸುವ ಕೆಲಸ ಅವರದು ಎಂದು ಬಾಯಿಬಿಟ್ಟು ಕೇಳಿ. ಸುಮ್ಮನೆ ‘ಸ್ವಲ್ಪ ಬೇಗ ಬಾ’ ಅಂದರೆ ಅವರು ಬಂದು ಸೋಫಾದ ಮೇಲೆ ಕೂತಿರುತ್ತಾರೆ.

ತಿಂಡಿಯ ಆಯ್ಕೆ

ನಾಲ್ಕೇ ಬಗೆ ಸಾಕು: ಖಾರ ಮಂಡಕ್ಕಿ, ಮಿರ್ಚಿ, ಶೇಂಗಾ ಹೋಳಿಗೆ, ಮಜ್ಜಿಗೆ. ಏಳೂವರೆಗೆ ಒಂದು ಸುತ್ತು ಚಹಾ.

ದಾವಣಗೆರೆ ಎಂದ ಮೇಲೆ ಬೆಣ್ಣೆ ದೋಸೆ ಬೇಡವೇ ಎಂದು ಯಾರಾದರೂ ಕೇಳುತ್ತಾರೆ. ಬೇಡ. ಮನೆಯ ಒಂದು ಹೆಂಚಿನಲ್ಲಿ 20 ಜನರಿಗೆ ಎರಡೆರಡು ದೋಸೆ ಹಾಕಲು ಎರಡು ಗಂಟೆಗೂ ಹೆಚ್ಚು ಬೇಕು, ಹೆಂಚಿನಿಂದ ಇಳಿದ ದೋಸೆ ಐದು ನಿಮಿಷ ಕಾದರೆ ಗರಿ ಹೋಗುತ್ತದೆ. ದೋಸೆ ಹಾಕುವವರು ಒಲೆಗೆ ಕಟ್ಟಿಹಾಕಿದಂತೆ ಗೋಡೆಗೆ ಮುಖಮಾಡಿ ನಿಲ್ಲಬೇಕು. ಕರೆದವರು ಅಡಗಿಕೊಂಡಂತೆಯೇ ಆಯಿತು.

ಶೇಂಗಾ ಹೋಳಿಗೆ: ನಾಲ್ಕು ದಿನ ಮೊದಲು

ಕಡಲೆಬೇಳೆ ಹೋಳಿಗೆ ಮರುದಿನಕ್ಕೇ ಹಳಸುವ ಭಯ. ಶೇಂಗಾ ಹೋಳಿಗೆಯ ಹೂರಣದಲ್ಲಿ ನೀರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ವಾರದ ತನಕ ಚೆನ್ನಾಗಿರುತ್ತದೆ. ತಯಾರಿ ಇಷ್ಟಪಡುವವರಿಗೆ ಹೇಳಿ ಮಾಡಿಸಿದ ಸಿಹಿ.

ಸುಮಾರು 26–27 ಹೋಳಿಗೆಗೆ: ಶೇಂಗಾ 500 ಗ್ರಾಂ, ಬೆಲ್ಲ 400 ಗ್ರಾಂ, ಬಿಳಿ ಎಳ್ಳು 50 ಗ್ರಾಂ, ಏಲಕ್ಕಿ 8. ಕಣಕಕ್ಕೆ ಗೋಧಿ ಹಿಟ್ಟು 200 ಗ್ರಾಂ, ಚಿರೋಟಿ ರವೆ 200 ಗ್ರಾಂ, ಎಣ್ಣೆ 3 ದೊಡ್ಡ ಚಮಚ, ಚಿಟಿಕೆ ಉಪ್ಪು.

ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಸಿಡಿಯುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ ಕೇರಿ. ಎಳ್ಳನ್ನು ಬೇರೆ ಹುರಿಯಿರಿ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ. ಬಿಸಿಯಾದರೆ ಶೇಂಗಾ ಎಣ್ಣೆ ಬಿಟ್ಟು ಅಂಟಾಗುತ್ತದೆ, ಅಂಥ ಹೂರಣ ಲಟ್ಟಿಸುವಾಗ ಅಂಚಿನಿಂದ ಹೊರಗೆ ಬರುತ್ತದೆ. ಬೆಲ್ಲವನ್ನು ತುರಿದೇ ಹಾಕಿ. ಅದರ ಒಂದು ಸಣ್ಣ ಗಂಟು ಉಳಿದರೂ ಲಟ್ಟಣಿಗೆ ಅಡಿಯಲ್ಲಿ ಕಣಕವನ್ನು ಸೀಳುತ್ತದೆ. ಎಲ್ಲ ಬೆರೆಸಿ ಮುಷ್ಟಿ ಕಟ್ಟಿ ನೋಡಿ. ಉಂಡೆ ನಿಂತರೆ ಸರಿ, ಉದುರಿದರೆ ಬಿಸಿ ನೀರನ್ನು ಒಂದೊಂದೇ ಚಮಚ ಚಿಮುಕಿಸಿ, ಮೂರ್ನಾಲ್ಕು ಚಮಚ ದಾಟಬೇಡಿ.

ಕಣಕವನ್ನು ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ ಒಂದು ಗಂಟೆ ಮುಚ್ಚಿಡಿ, ರವೆ ನೆನೆಯಬೇಕು. ಕಣಕದ ಉಂಡೆ ಸಣ್ಣ ನಿಂಬೆಯಷ್ಟಿದ್ದರೆ ಹೂರಣದ ಉಂಡೆ ಅದಕ್ಕಿಂತ ಸ್ವಲ್ಪ ದೊಡ್ಡದು. ಒಣ ಹಿಟ್ಟು ಹಚ್ಚಿ ಲಟ್ಟಿಸಿ, ಹೆಂಚಿನ ಮೇಲೆ ಮಧ್ಯಮ ಉರಿಯಲ್ಲಿ ಎರಡೂ ಕಡೆ ಕಂದು ಚುಕ್ಕೆ ಬರುವ ತನಕ ಬೇಯಿಸಿ. ಹೋಳಿಗೆ ಕೆಡುವುದು ಸಾಮಾನ್ಯವಾಗಿ ಒಲೆಯ ಮೇಲಲ್ಲ, ಡಬ್ಬಿಯಲ್ಲಿ. ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಿದರೆ ಬೆವರಿ ಮೂರನೇ ದಿನಕ್ಕೆ ಬೂಸು ಹಿಡಿಯುತ್ತದೆ. ಬಟ್ಟೆಯ ಮೇಲೆ ಹರವಿ ಎರಡು ಗಂಟೆ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ. ಬಡಿಸುವಾಗ ನಾಲ್ಕು ತುಂಡು ಮಾಡಿ, ಮೇಲೆ ತುಪ್ಪ. ಇಡೀ ಹೋಳಿಗೆ ಕೊಟ್ಟರೆ ನಾಲ್ಕು ಮನೆ ತಿರುಗಿ ಬಂದವರು ಅರ್ಧ ಬಿಡುತ್ತಾರೆ.

ಮಂಡಕ್ಕಿ: ಎರಡು ಹಂತದ ಕೆಲಸ

ಮಂಡಕ್ಕಿ ಹಗುರ, ತೂಕದಲ್ಲಿ ಅಂದಾಜು ಸಿಗುವುದಿಲ್ಲ. ಒಂದು ತಟ್ಟೆಗೆ 40 ಗ್ರಾಂ ಸಾಕು. 20 ಜನರಿಗೆ 800 ಗ್ರಾಂ, ಎರಡನೇ ಸಲ ಹಾಕಿಸಿಕೊಳ್ಳುವವರಿಗೂ ಸೇರಿ ಒಂದು ಕೆಜಿ ತನ್ನಿ. ಒಂದು ಕೆಜಿ ಎಂದರೆ ಹತ್ತು ಲೀಟರಿನ ದೊಡ್ಡ ಡಬ್ಬಿ ತುಂಬಿ ಮಿಕ್ಕುತ್ತದೆ, ಡಬ್ಬಿಯನ್ನು ಮೊದಲೇ ಹುಡುಕಿಡಿ. ಭಟ್ಟಿಯಿಂದಲೇ ತರುವುದಾದರೆ ಎರಡು ದಿನ ಮೊದಲು ತನ್ನಿ. ಊರಲ್ಲೇ ಮಂಡಕ್ಕಿ ಭಟ್ಟಿಗಳಿರುವಾಗ ಪ್ಯಾಕೆಟ್ಟಿನ ಹಳೇ ಮಂಡಕ್ಕಿ ಯಾಕೆ? ಬೆರಳ ನಡುವೆ ಒತ್ತಿದರೆ ‘ಕರ್’ ಎಂದು ಪುಡಿಯಾಗಬೇಕು. ಅದುಮಿ ಮತ್ತೆ ಎದ್ದರೆ ತೇವ ಹಿಡಿದಿದೆ ಎಂದು ಅರ್ಥ. ಅಂಥದ್ದನ್ನು ಒಂದು ತಾಸು ಬಿಸಿಲಿಗೆ ಹಾಕಿ, ಇಲ್ಲವೇ ದೊಡ್ಡ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಆಡಿಸಿ.

ಮೊದಲ ಹಂತ ಒಣ ಒಗ್ಗರಣೆ, ಆಯುಧ ಪೂಜೆಯ ಹಿಂದಿನ ದಿನ. ಒಂದು ಕೆಜಿ ಮಂಡಕ್ಕಿ ಮನೆಯ ಬಾಣಲೆಗೆ ಹಿಡಿಯುವುದಿಲ್ಲ, ಕಾಲು ಕೆಜಿಯಂತೆ ನಾಲ್ಕು ಸಲ ಮಾಡಿ. ಪ್ರತಿ ಸಲಕ್ಕೆ ಎಣ್ಣೆ 3 ದೊಡ್ಡ ಚಮಚ, ಶೇಂಗಾ 60 ಗ್ರಾಂ, ಹುರಿಗಡಲೆ 30 ಗ್ರಾಂ, ಸಿಪ್ಪೆಸಮೇತ ಜಜ್ಜಿದ ಬೆಳ್ಳುಳ್ಳಿ 8–10 ಎಸಳು, ಕರಿಬೇವು ಒಂದು ಕಡ್ಡಿ, ಅರಿಶಿನ ಅರ್ಧ ಚಮಚ, ಖಾರದ ಪುಡಿ ಒಂದು ಚಮಚ.

ಎಣ್ಣೆಗೆ ಮೊದಲು ಶೇಂಗಾ, ಅದು ಅರ್ಧ ಹುರಿದಾಗ ಬೆಳ್ಳುಳ್ಳಿ, ಆಮೇಲೆ ಕರಿಬೇವು, ಕೊನೆಗೆ ಹುರಿಗಡಲೆ. ಇಲ್ಲಿ ಆತುರ ಬೇಡ. ಬೆಳ್ಳುಳ್ಳಿ ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳಿದರೆ ಅದರ ತೇವ ರಾತ್ರಿಯಿಡೀ ಡಬ್ಬಿಯ ಮಂಡಕ್ಕಿಗೆ ಇಳಿಯುತ್ತದೆ. ಒಂದು ಎಸಳು ತೆಗೆದು ತಟ್ಟೆಗೆ ಹಾಕಿ ಕೇಳಿ, ‘ಟಣ್’ ಎಂದು ಸಣ್ಣ ಸದ್ದು ಬಂದರೆ ಒಣಗಿದೆ. ಕರಿಬೇವೂ ಹಿಡಿದರೆ ಪುಡಿಯಾಗಬೇಕು. ಉರಿ ಆರಿಸಿದ ಮೇಲೆಯೇ ಅರಿಶಿನ, ಖಾರದ ಪುಡಿ ಹಾಕಿ. ಉರಿಯ ಮೇಲೆ ಹಾಕಿದರೆ ಪುಡಿ ಸೀದು ಕಹಿಯಾಗುತ್ತದೆ, ಮಂಡಕ್ಕಿಗೆ ಹಳದಿಯ ಬದಲು ಕಂದು ಬಣ್ಣ ಬರುತ್ತದೆ. ಮಂಡಕ್ಕಿ ಸುರಿದು ಮತ್ತೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೆಳಗಿನಿಂದ ಮೇಲಕ್ಕೆ ಆಡಿಸಿ. ರುಚಿ ನೋಡದೆ ಉಪ್ಪು ಹಾಕಬೇಡಿ, ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ಹಾಕಿರುತ್ತಾರೆ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಹಾಕಿ.

ಅದೇ ದಿನ 250 ಗ್ರಾಂ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ, ಚಿಟಿಕೆ ಉಪ್ಪು, ಅರ್ಧ ಚಮಚ ಖಾರದ ಪುಡಿ ಬೆರೆಸಿ ಬೇರೆ ಡಬ್ಬಿಯಲ್ಲಿಡಿ. ಇದೇ ಪುಟಾಣಿ ಹಿಟ್ಟು.

ಎರಡನೇ ಹಂತ ಜನರ ಎದುರು ಕಲಸುವುದು. ಏಳು ಸಲ ಕಲಸಲು ಈರುಳ್ಳಿ 1 ಕೆಜಿ, ಟೊಮೆಟೊ 600 ಗ್ರಾಂ, ಕೊತ್ತಂಬರಿ 2 ದೊಡ್ಡ ಕಟ್ಟು, ನಿಂಬೆ 8. ಈರುಳ್ಳಿ ಸಣ್ಣಗೆ ಹೆಚ್ಚಿ, ಉಪ್ಪು ಸೋಕಿಸದೆ ಮುಚ್ಚಿಡಿ. ಉಪ್ಪು ಬಿದ್ದರೆ ಅರ್ಧ ಗಂಟೆಯಲ್ಲಿ ನೀರು ನಿಲ್ಲುತ್ತದೆ. ಟೊಮೆಟೊದ ಬೀಜ, ರಸ ತೆಗೆದು ತಿರುಳು ಮಾತ್ರ ಹೆಚ್ಚಿ. ತೊಳೆದ ಕೊತ್ತಂಬರಿಯನ್ನು ಬಟ್ಟೆಯಲ್ಲಿ ಒರಸಿದ ಮೇಲೆಯೇ ಕತ್ತರಿಸಿ.

ಒಂದು ಸಲಕ್ಕೆ ನಾಲ್ಕು ತಟ್ಟೆ, ಅದಕ್ಕಿಂತ ಹೆಚ್ಚು ಬೇಡ. ಬೋಗುಣಿಗೆ ಎರಡು ಲೀಟರ್ ಪಾತ್ರೆಯ ತುಂಬ ಒಗ್ಗರಣೆ ಮಂಡಕ್ಕಿ ಹಾಕಿ, ಮೊದಲು ಪುಟಾಣಿ ಹಿಟ್ಟು ಎರಡು ದೊಡ್ಡ ಚಮಚ ಉದುರಿಸಿ ಒಮ್ಮೆ ಆಡಿಸಿ. ಹಿಟ್ಟು ಮಂಡಕ್ಕಿಗೆ ಅಂಟಿಕೊಂಡು, ಆಮೇಲೆ ಬರುವ ತೇವವನ್ನು ತಾನು ಹೀರುತ್ತದೆ. ಹೀಗೆ ಮಾಡಿದರೆ ಮಂಡಕ್ಕಿ ಗರಿ ಬಿಡಲು ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಆಮೇಲೆ ಒಂದು ಈರುಳ್ಳಿಯಷ್ಟು ಹೆಚ್ಚಿದ್ದು, ಒಂದು ಟೊಮೆಟೊದ್ದು, ಒಂದು ಹಿಡಿ ಕೊತ್ತಂಬರಿ. ಕಡೆಗೆ ಒಂದು ನಿಂಬೆಯ ರಸ. ಬೆರಳು ಬಿಡಿಸಿ, ಅಡಿಯಿಂದ ಎತ್ತಿ ಎತ್ತಿ ಎಂಟು ಹತ್ತು ಸಲ ಕಲಸಿ. ಹಿಸುಕಬಾರದು. ಕೈಗೆ ಮಂಡಕ್ಕಿ ಇನ್ನೂ ಒರಟಾಗಿ ತಾಗುವಾಗಲೇ ನಿಲ್ಲಿಸಿ ತಟ್ಟೆಗೆ ಹಾಕಿ. ಹತ್ತು ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಈ ಹತ್ತು ನಿಮಿಷವೇ ನಿಮ್ಮನ್ನು ಇಡೀ ಸಂಜೆ ಬೋಗುಣಿಯ ಹತ್ತಿರ ನಿಲ್ಲಿಸುವುದು.

ಮಿರ್ಚಿ

ತಲೆಗೆ ಎರಡರಂತೆ 40, ಮೇಲೆ 10. ಬಜ್ಜಿ ಮೆಣಸಿನಕಾಯಿ ಒಂದು ಕೆಜಿ ಸಾಕು. ಕಡಲೆ ಹಿಟ್ಟು 700 ಗ್ರಾಂ, ಅಕ್ಕಿ ಹಿಟ್ಟು 70 ಗ್ರಾಂ, ಅಜವಾನ 2 ಚಮಚ, ಉಪ್ಪು, ಕಾಲು ಚಮಚ ಸೋಡಾ. ಹುಣಸೆ ರಸ, ಉಪ್ಪು, ಜೀರಿಗೆ ಅರೆದ ಗಟ್ಟಿ ಮಸಾಲೆಯನ್ನು ಸೀಳಿದ ಕಾಯಿಯೊಳಗೆ ತೆಳ್ಳಗೆ ಸವರಿದರೆ ಖಾರ ಹದವಾಗುತ್ತದೆ.

ಹಿಟ್ಟು ಕಾಯಿಯಿಂದ ಜಾರಿ ಬೀಳಲು ಕಾರಣ ತೇವ. ತೊಳೆದ ಮೇಲೆ ಒಂದೊಂದನ್ನೂ ಒರೆಸಬೇಕು. ಹಿಟ್ಟಿಗೆ ಮೊದಲು ಮುಕ್ಕಾಲು ಲೀಟರಿಗಿಂತ ಕಡಿಮೆ ನೀರು ಹಾಕಿ, ಗಂಟಿಲ್ಲದಂತೆ ಕಲಸಿ ನೋಡಿಕೊಂಡು ತೆಳ್ಳಗೆ ಮಾಡಿ. ಅದ್ದಿದ ಕಾಯಿಯ ಹಸಿರು ಕಾಣದಷ್ಟು ದಪ್ಪ ಇರಬೇಕು. ಸೋಡಾವನ್ನು ಕರಿಯುವುದಕ್ಕೆ ಸ್ವಲ್ಪ ಮುಂಚೆ ಮಾತ್ರ ಹಾಕಿ. ಹೆಚ್ಚಾದರೆ ಮಿರ್ಚಿ ಎಣ್ಣೆ ಕುಡಿಯುತ್ತದೆ. ಎಣ್ಣೆಯಿಂದ ಹೊಗೆ ಬರುತ್ತಿದ್ದರೆ ತುಂಬ ಕಾದಿದೆ, ಹೊರಗೆ ಕಪ್ಪಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದೆ.

ಜನ ಬಂದ ಮೇಲೆ ಮೊದಲಿನಿಂದ ಕರಿಯಲು ಹೋಗಬೇಡಿ. ಮೂರು ಗಂಟೆಗೆ ಎಲ್ಲವನ್ನೂ ತಿಳಿ ಹಳದಿ ಬಣ್ಣ ಬರುವ ತನಕ ಮುಕ್ಕಾಲು ಭಾಗ ಕರಿದು, ಜಾಲರಿಯ ಮೇಲೆ ಹರವಿಡಿ. ಮುಚ್ಚಬಾರದು. ಜನ ಬಂದಾಗ ಹತ್ತು ಹತ್ತರಂತೆ ಚೆನ್ನಾಗಿ ಕಾದ ಎಣ್ಣೆಯಲ್ಲಿ ಎರಡು ನಿಮಿಷ ಮತ್ತೆ ಕರಿದರೆ ಗರಿಗರಿಯಾಗಿ ಬರುತ್ತದೆ. ಈ ಎರಡನೇ ಕರಿತವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ. ಯಾರೂ ಇಲ್ಲದಿದ್ದರೆ ನಿಮ್ಮ ಬಡಾವಣೆಯ ಮಿರ್ಚಿ ಅಂಗಡಿಯವರಿಗೆ ಹಿಂದಿನ ದಿನವೇ 50ಕ್ಕೆ ಹೇಳಿ ಮುಂಗಡ ಕೊಡಿ. ಹಬ್ಬದ ದಿನ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಕೇಳಿಕೊಳ್ಳಿ, ಕೆಲವರು ಅಂದು ತೆರೆಯುವುದೇ ಇಲ್ಲ.

ಮಜ್ಜಿಗೆಗೆ ಮೊಸರು ಒಂದೂಕಾಲು ಲೀಟರ್, ನೀರು ಮೂರು ಲೀಟರ್, ಶುಂಠಿ, ಇಂಗು, ಕೊತ್ತಂಬರಿ. ಚಹಾ ಎರಡು ಲೀಟರ್, ಸೋಸಿಯೇ ಫ್ಲಾಸ್ಕಿಗೆ ಹಾಕಿ. ಚಹಾ ಸೊಪ್ಪು ಒಳಗೆ ಉಳಿದರೆ ಕಹಿಯಾಗುತ್ತದೆ. ಸಕ್ಕರೆ ಬೇಡದವರಿಗಾಗಿ ಒಂದು ಪಾಲು ಬೇರೆ. ಕುಡಿಯುವ ನೀರಿಗೆ 20 ಲೀಟರಿನ ಒಂದು ಕ್ಯಾನ್.

ಬನ್ನಿ, ಹೂವು, ಮನೆ

ಚೆಂಡು ಹೂವಿನ ಬೆಲೆ ಆಯುಧ ಪೂಜೆಯ ಮುನ್ನಾದಿನ ಏರುತ್ತದೆ. ಎರಡು ದಿನಕ್ಕೂ ಸೇರಿ ಒಂದೇ ಸಲ ತಂದು, ವಿಜಯದಶಮಿಗೆ ಬೇಕಾದ ಹಾರವನ್ನು ಒದ್ದೆ ಬಟ್ಟೆಯಲ್ಲಿ ನೆರಳಿಗಿಡಿ. ಬನ್ನಿಯನ್ನು ಮಾತ್ರ ಅಂದೇ ಬೆಳಿಗ್ಗೆ ತನ್ನಿ. ಬನ್ನಿ ಕಡ್ಡಿಯಲ್ಲಿ ಸಣ್ಣ ಮುಳ್ಳಿರುತ್ತದೆ. ಕಟ್ಟನ್ನು ಹಾಗೇ ತಟ್ಟೆಯಲ್ಲಿಟ್ಟರೆ ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಎಲೆಯನ್ನು ಬುಡದಿಂದ ತುದಿಗೆ ಸವರಿ ಬಿಡಿಸಿ, ಹಿತ್ತಾಳೆ ತಟ್ಟೆಯಲ್ಲಿ ಹಾಕಿ ಒದ್ದೆ ಬಟ್ಟೆ ಮುಚ್ಚಿ ಬಾಗಿಲ ಹತ್ತಿರ ಇಡಿ.

ಕುರ್ಚಿಗಳನ್ನು ಗೋಡೆಗುಂಟ ಒಂದೇ ಸುತ್ತಿಗೆ ಹಾಕಬೇಡಿ. ಹಾಗೆ ಹಾಕಿದರೆ ಎಲ್ಲರೂ ಎಲ್ಲರ ಮುಖ ನೋಡುತ್ತಾ ಕೂರುತ್ತಾರೆ, ಒಬ್ಬರು ಮಾತಾಡಿದರೆ ಉಳಿದವರು ಸುಮ್ಮನೆ. ಮೂರು ಜಾಗ ಮಾಡಿ: ಹೊರಗಿನ ವರಾಂಡದಲ್ಲಿ ಐದು ಕುರ್ಚಿ, ಹಾಲಿನಲ್ಲಿ ಜಮಖಾನ ಮತ್ತು ಸೋಫಾ, ಮಾಳಿಗೆಯ ಮೇಲೆ ನಾಲ್ಕಾರು ಕುರ್ಚಿ. ಶಾಮಿಯಾನದ ಅಂಗಡಿಯಲ್ಲಿ ಹತ್ತು ಕುರ್ಚಿ, ಒಂದು ಜಮಖಾನಕ್ಕೆ ವಾರ ಮೊದಲೇ ಹೇಳಿ, ಹಬ್ಬದಲ್ಲಿ ಅವರಿಗೆ ಬಿಡುವಿರುವುದಿಲ್ಲ. ಅಕ್ಟೋಬರಿನಲ್ಲಿ ಸಂಜೆ ಮಳೆ ಬಂದರೆ ಮಾಳಿಗೆ ಸಿಗುವುದಿಲ್ಲ. ಆಗ ಆ ಕುರ್ಚಿಗಳನ್ನು ಯಾವ ಕೋಣೆಗೆ ಹಾಕುವುದೆಂದು ಮೊದಲೇ ಗೊತ್ತುಮಾಡಿ.

ಮಂಡಕ್ಕಿಯ ಮೇಜು ಹಾಲಿನ ಒಂದು ಮೂಲೆಗೆ ಹತ್ತಿರ, ಆದರೆ ಮೂಲೆಗೆ ಅಂಟಿಸಬೇಡಿ. ಬೆನ್ನಿಗೆ ಗೋಡೆ ಇರಲಿ, ಮುಂದೆ ಮೂರು ಜನ ನಿಲ್ಲುವಷ್ಟು ಜಾಗ. ಇಡೀ ಕೋಣೆ ಕಣ್ಣಿಗೆ ಬೀಳುತ್ತದೆ, ಹಿಂದಿನಿಂದ ಯಾರೂ ಕರೆಯುವುದಿಲ್ಲ. ಬಾಗಿಲು ಎದುರಿಗೇ ಕಾಣುವಂತಿರಲಿ. ಬಂದವರನ್ನು ಕಂಡು ಅಲ್ಲಿಂದಲೇ ನಗಬಹುದು.

ಜಮಖಾನದ ಪಕ್ಕದಲ್ಲಿ ಚೌಕಾಬಾರದ ಮನೆ ಬರೆದಿಡಿ: ಐದಕ್ಕೆ ಐದು ಚೌಕ, ನಾಲ್ಕು ಕವಡೆ, ನಾಲ್ಕು ಬಣ್ಣದ ಬಳೆಚೂರು ಅಥವಾ ಗುಂಡಿ. ಯಾರನ್ನೂ ಆಡಿ ಎಂದು ಕರೆಯಬೇಕಿಲ್ಲ. ಕವಡೆ ಕಂಡರೆ ಯಾರಾದರೂ ಕೈ ಹಾಕಿಯೇ ಹಾಕುತ್ತಾರೆ, ಅಜ್ಜಿ ಮೊಮ್ಮಗನಿಗೆ ಕಟ್ಟೆ ತೋರಿಸುತ್ತಾಳೆ, ಒಂದು ಗಂಟೆ ಆ ಮೂಲೆಯ ಚಿಂತೆ ನಿಮಗಿಲ್ಲ.

ಆ ದಿನ

ಮಧ್ಯಾಹ್ನ ಒಂದೂವರೆಯಿಂದ ಹೆಚ್ಚುವ ಕೆಲಸ, ಮೂರಕ್ಕೆ ಮಿರ್ಚಿಯ ಮೊದಲ ಕರಿತ, ಮೂರೂಮುಕ್ಕಾಲಿಗೆ ಮಜ್ಜಿಗೆ. ನಾಲ್ಕಕ್ಕೆ ಎಲ್ಲ ನಿಲ್ಲಿಸಿ. ಉಳಿದಿದ್ದು ಉಳಿಯಲಿ. ಸ್ನಾನ ಮಾಡಿ, ಏನಾದರೂ ತಿಂದು, ಕೋಣೆಯ ದೀಪ ಆರಿಸಿ ಅರ್ಧ ಗಂಟೆ ಸುಮ್ಮನೆ ಮಲಗಿ, ಫೋನ್ ಹೊರಗಿಟ್ಟು. ತಯಾರಿ ಇಷ್ಟಪಡುವವರು ಎಡವುವುದು ಇಲ್ಲೇ: ಬೆಲ್ ಆಗುವ ನಿಮಿಷದ ತನಕ ಏನಾದರೂ ಒರೆಸುತ್ತಲೇ ಇರುತ್ತಾರೆ, ಜನ ಬರುವ ಹೊತ್ತಿಗೆ ಮೈಮನಸ್ಸು ಎರಡೂ ಸೋತಿರುತ್ತವೆ. ಹೂವಿನ ಹಾರ ಸೊಟ್ಟಗಿದ್ದರೆ ಯಾರೂ ನೋಡುವುದಿಲ್ಲ, ನಿಮ್ಮ ಮುಖದ ದಣಿವನ್ನು ಎಲ್ಲರೂ ನೋಡುತ್ತಾರೆ.

ಆರೂವರೆಯ ಹೊತ್ತಿಗೆ ಕತ್ತಲಾಗುತ್ತದೆ. ಅದಕ್ಕೂ ಮೊದಲೇ ಮೆಟ್ಟಿಲಿನ, ಮಾಳಿಗೆಯ ದೀಪ ಹಾಕಿಸಿ. ಕರೆಂಟ್ ಹೋದರೆ ಎಂದು ಚಾರ್ಜ್ ಆದ ಒಂದು ದೀಪ ಮಂಡಕ್ಕಿ ಮೇಜಿನ ಕೆಳಗಿರಲಿ. ಊರಲ್ಲಿ ಮೆರವಣಿಗೆ ಇದ್ದು ರಸ್ತೆ ಬಂದ್ ಆಗುವುದಿದ್ದರೆ ದೂರದ ಬಡಾವಣೆಯಿಂದ ಬರುವವರಿಗೆ ಬೆಳಿಗ್ಗೆಯೇ ಸಂದೇಶ ಕಳಿಸಿ.

ಮಾತಿನ ತಯಾರಿ

ಬಂದವರಿಗೆ ಬನ್ನಿ ಕೊಟ್ಟು ಮಾತಾಡಿಸಿ, ‘ಬರ್ರಿ, ಬಿಸಿ ಕಲಸ್ತೀನಿ’ ಎಂದು ಮೇಜಿಗೆ ಹೊರಡಿ. ಅದು ತಪ್ಪಿಸಿಕೊಳ್ಳುವ ಮಾತಲ್ಲ, ನೀವು ಅವರಿಗಾಗಿಯೇ ಹೋಗುತ್ತಿದ್ದೀರಿ. ಕಲಸುವಾಗ ಒಂದೇ ಪ್ರಶ್ನೆ ಕೇಳಿ: “ಖಾರ ಹೆಂಗಿರ್ಲಿ? ಈರುಳ್ಳಿ ಜಾಸ್ತಿ ಹಾಕ್ಲಾ?” ಪ್ರತಿಯೊಬ್ಬರಿಗೂ ಉತ್ತರ ಇರುವ ಪ್ರಶ್ನೆ ಇದು. ಉತ್ತರದ ಹಿಂದೆಯೇ ಅವರ ಊರಿನ ಮಂಡಕ್ಕಿ, ಅವರಮ್ಮ ಹಾಕುತ್ತಿದ್ದ ಒಣಕೊಬ್ಬರಿ ಎಲ್ಲ ಬರುತ್ತದೆ, ನೀವು ಕೇಳಿಸಿಕೊಂಡರೆ ಸಾಕು.

ಪರಿಚಯ ಇಲ್ಲದವರನ್ನು ಜೋಡಿಸಲು ಒಬ್ಬೊಬ್ಬರ ಬಗ್ಗೆ ಒಂದು ಸಾಲು ಮೊದಲೇ ಯೋಚಿಸಿಡಿ. ಕೆಲಸ, ಹುದ್ದೆ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ಇವರೂ ಹರಿಹರದವರೇ”, “ಇವರ ಮಗಳೂ ಈ ಸಲ ಪಿಯುಸಿ” ಎಂಬಂಥದ್ದು ನಡೆಯುತ್ತದೆ. ಎರಡು ತಟ್ಟೆ ಅವರ ಕೈಗೆ ಕೊಟ್ಟು, ಸಾಲು ಹೇಳಿ, ಮುಂದಿನ ಬೋಗುಣಿಗೆ ತಿರುಗಿ.

ಏಳು ಗಂಟೆಗೆ ಮಾಳಿಗೆಗೆ ನೀರಿನ ಜಗ್ ನೀವೇ ಒಯ್ಯಿರಿ, ಮೇಲೆ ಐದು ನಿಮಿಷ ನಿಂತು ಬನ್ನಿ. ತಲೆ ಭಾರವಾದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋಗಿ ಬರುವುದು ಒಳ್ಳೆಯದು. ಇಡೀ ಸಂಜೆ ಎಲ್ಲರ ಹತ್ತಿರವೂ ಸಮನಾಗಿ ಮಾತಾಡಬೇಕೆಂಬ ಹಟ ಬೇಡ. ಒಬ್ಬಿಬ್ಬರ ಜೊತೆ ಹತ್ತು ನಿಮಿಷ ನೆಮ್ಮದಿಯಾಗಿ ಕೂತು ಮಾತಾಡಿದರೆ, ಉಳಿದವರಿಗೆ ಒಂದು ತಟ್ಟೆ ಕೈಯಾರೆ ಕೊಟ್ಟರೆ ಆಯಿತು.

ತಾಂಬೂಲ

ಹೊತ್ತಾಯಿತು, ಹೊರಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಅದಕ್ಕೆ ಅರಿಶಿನ-ಕುಂಕುಮದ ಬಟ್ಟಲಿದೆ. ಎಂಟೂಕಾಲಿಗೆ ತಟ್ಟೆ ತನ್ನಿ: ವೀಳ್ಯದೆಲೆ ಎರಡೆರಡು, ಅಡಿಕೆ, ಬಾಳೆಹಣ್ಣು, ಹೆಂಗಸರಿಗೆ ಹೂವು. ಎಲೆ-ಅಡಿಕೆಯ ಜೋಡಿಗಳನ್ನು ಮಧ್ಯಾಹ್ನವೇ ಕಟ್ಟಿಡಿ, 25 ಕಟ್ಟು. ಹಿರಿಯ ಹೆಣ್ಣುಮಗಳಿಂದ ಶುರುಮಾಡಿ ಕುಂಕುಮ ಕೊಡುತ್ತಾ ಬಂದರೆ ಎಲ್ಲರಿಗೂ ತಾವಾಗಿ ತಿಳಿಯುತ್ತದೆ, ಸೆರಗು ಸರಿಮಾಡಿಕೊಂಡು ಏಳುತ್ತಾರೆ, ಮಕ್ಕಳ ಚಪ್ಪಲಿ ಹುಡುಕುತ್ತಾರೆ. ಬೇಗ ಹೊರಡುವವರಿಗೂ ಇದೇ ತಟ್ಟೆಯಿಂದ ಕೊಡಿ, ಆದರೆ ತಟ್ಟೆಯನ್ನು ಮತ್ತೆ ಒಳಗಿಡಿ. ಎಂಟೂಕಾಲಿಗೆ ಮೊದಲು ಅದು ಹಾಲಿನ ಮೇಜಿನ ಮೇಲೆ ಕಾಣಿಸಿದರೆ ಕುಳಿತವರೂ ಏಳಬೇಕೆಂದುಕೊಳ್ಳುತ್ತಾರೆ.

ಗೇಟಿನ ತನಕ ಹೋಗಿ ಬೀಳ್ಕೊಡಿ. ಬಾಗಿಲಲ್ಲಿ ಶುರುವಾಗುವ ಮಾತು ಇಪ್ಪತ್ತು ನಿಮಿಷ ಎಳೆಯುತ್ತದೆ, ಗೇಟಿನ ಹತ್ತಿರ ಗಾಡಿ ಶುರುವಾದ ಮೇಲೆ ಮುಗಿಯುತ್ತದೆ.

ರಾತ್ರಿ ಮಾಡಬೇಕಾದ್ದು ಮೂರೇ: ಮಿಕ್ಕ ಒಣ ಮಂಡಕ್ಕಿಯ ಡಬ್ಬಿಗೆ ಮುಚ್ಚಳ, ಕರಿದ ಎಣ್ಣೆ ಸೋಸಿ ಮುಚ್ಚಿಡುವುದು, ತಟ್ಟೆಗಳಿಗೆ ನೀರು ಹಾಕುವುದು. ಮರುದಿನ ಬೆಳಿಗ್ಗೆ ಯಾರಿಗೂ ಬರುತ್ತೇನೆಂದು ಮಾತು ಕೊಡಬೇಡಿ, ಹಿರಿಯರ ಮನೆಗೆ ಹೋಗುವುದನ್ನು ಬಿಟ್ಟು. ಪಾತ್ರೆ ತೊಳೆದು, ಶಾಮಿಯಾನದವರ ಕುರ್ಚಿ ಎಣಿಸಿ ಕಳಿಸಿದ ಮೇಲೆ, ಸಾಮಾನಿನ ಚೀಟಿಯ ಹಿಂದೆ ಬರೆದಿಡಿ: ಎಷ್ಟು ಜನ ಬಂದರು, ಮಿರ್ಚಿ ಎಷ್ಟು ಮಿಕ್ಕಿತು, ಈರುಳ್ಳಿ ಯಾವ ಹೊತ್ತಿಗೆ ಖಾಲಿಯಾಯಿತು, ಮಜ್ಜಿಗೆ ಸಾಲಿತೇ. ಚೀಟಿಯನ್ನು ಪುಟಾಣಿ ಹಿಟ್ಟಿನ ಡಬ್ಬಿಯೊಳಗೆ ಇಡಿ. ಮುಂದಿನ ವರ್ಷ ಡಬ್ಬಿ ತೊಳೆಯಲು ತೆಗೆದಾಗ ಕೈಗೆ ಸಿಗುತ್ತದೆ.